ಚಾಪೆ ಕೆಳಗೆ ನಿಯಮ, ರಂಗೋಲಿ ಕೆಳಗೆ ತಂಡ

ಫಾರ್ಮುಲಾ ಒನ್ ಸಪ್ಪೆಯಾಯಿತು ಎಂಬ ಕೂಗೆದ್ದಾಗಲೆಲ್ಲ ನಿಯಮಪುಸ್ತಕಕ್ಕೆ ಹೊಸ ಪುಟ ಸೇರುತ್ತದೆ. ರೋಚಕತೆಗೆ ಆಜ್ಞೆ ಹೊರಡಿಸಿದ ನಿಯಮಗಳೆಲ್ಲ ಮಣ್ಣುಮುಕ್ಕಿವೆ. ಗಾಳಿಗೂ ದುಡ್ಡಿಗೂ ಕಡಿವಾಣ ಹಾಕಿ ಆಮೇಲೆ ಸುಮ್ಮನಾದ ನಿಯಮಗಳು ಮಾತ್ರ ಫಲ ಕೊಟ್ಟಿವೆ.

ಮೊನಾಕೊ, 2025ರ ಮೇ 25. ಸುರಂಗದಿಂದ ಹೊರಬಿದ್ದ ಜಾರ್ಜ್ ರಸೆಲ್ ಅವರ ಮರ್ಸಿಡೀಸ್ ಕಾರು ಬಂದರಿನ ಕಡೆಗಿನ ಇಳಿಜಾರಿನಲ್ಲಿ ಮುಂದಿನ ವಿಲಿಯಮ್ಸ್ ಕಾರಿನ ಬೆನ್ನಿಗೆ ಅಂಟಿಕೊಂಡಿದೆ. ಆ ಕಾರಿನಲ್ಲಿರುವ ಅಲೆಕ್ಸ್ ಆಲ್ಬನ್ ಬೇಕೆಂದೇ ನಿಧಾನವಾಗಿ ಓಡಿಸುತ್ತಿದ್ದಾರೆ. ಜಗತ್ತಿನ ಅತಿ ವೇಗದ ರೇಸ್ ಕಾರುಗಳು ಮದುವೆಯ ದಿಬ್ಬಣದ ಹಾಗೆ ಒಂದರ ಹಿಂದೊಂದು ತೆವಳುತ್ತಿವೆ. ತಾಳ್ಮೆ ಕೆಟ್ಟ ರಸೆಲ್ ಇಳಿಜಾರಿನ ಕೊನೆಯ ಎಡ-ಬಲ ತಿರುವಿಗೆ ಸ್ಟಿಯರಿಂಗ್ ತಿರುಗಿಸದೆ, ನೇರ ಅಡ್ಡಹಾಯ್ದು ಆಲ್ಬನ್‌ರನ್ನು ದಾಟಿಬಿಟ್ಟರು. ದಂಡ ಬೀಳುತ್ತದೆಂದು ಅವರಿಗೆ ಗೊತ್ತಿತ್ತು. ಈ ಮೆರವಣಿಗೆಯಲ್ಲಿ ಸಿಕ್ಕಿಕೊಂಡಿರುವುದಕ್ಕಿಂತ ದಂಡ ತೆರುವುದೇ ಅಗ್ಗ ಎಂಬ ಲೆಕ್ಕ. ತೀರ್ಪುಗಾರರು ಆ ಲೆಕ್ಕವನ್ನು ತಲೆಕೆಳಗು ಮಾಡಿ, ಪಿಟ್ ಲೇನ್ ಹಾದುಹೋಗುವ ಕಠಿಣ ಶಿಕ್ಷೆಯನ್ನೇ ಕೊಟ್ಟರು. ರಸೆಲ್ 11ನೆಯವರಾಗಿ, ಅಂಕವಿಲ್ಲದೆ ಮುಗಿಸಿದರು. ದಾರಿ ಕಟ್ಟಿದ ಆಲ್ಬನ್‌ಗೆ ಒಂಬತ್ತನೇ ಸ್ಥಾನ ಸಿಕ್ಕಿತು, ಅವರ ಜೊತೆಗಾರ ಕಾರ್ಲೋಸ್ ಸೈನ್ಜ್‌ಗೆ ಹತ್ತನೆಯದು.

ಇಷ್ಟಕ್ಕೂ ಕಾರಣ, ರೇಸನ್ನು ರೋಚಕಗೊಳಿಸಲೆಂದೇ ತಂದ ನಿಯಮ. 2024ರ ಮೊನಾಕೊದಲ್ಲಿ ಮೊದಲ ಲ್ಯಾಪಿನಲ್ಲೇ ಅಪಘಾತವಾಗಿ ಕೆಂಪು ಬಾವುಟ ಬಿತ್ತು. ಓಟ ನಿಂತ ಆ ಬಿಡುವಿನಲ್ಲಿ ಎಲ್ಲರೂ ಟೈರ್ ಬದಲಿಸಿಕೊಂಡರು, ಮತ್ತೆ ಪಿಟ್‌ಗೆ ಬರುವ ಅಗತ್ಯವೇ ಯಾರಿಗೂ ಉಳಿಯಲಿಲ್ಲ. ಗ್ರಿಡ್‌ನಲ್ಲಿ ಮೊದಲ ಹತ್ತು ಸ್ಥಾನದಲ್ಲಿ ನಿಂತವರು ಅದೇ ಕ್ರಮದಲ್ಲಿ ಗುರಿ ಮುಟ್ಟಿದರು. ಫಾರ್ಮುಲಾ ಒನ್ ಇತಿಹಾಸದಲ್ಲೇ ಹಾಗೆ ಆಗಿದ್ದು ಅದೇ ಮೊದಲು. ಪ್ರೇಕ್ಷಕರು ಆಕಳಿಸಿದ್ದು ಆಡಳಿತ ಸಂಸ್ಥೆ ಎಫ್‌ಐಎಗೆ ಕೇಳಿಸಿತು. ಮರುವರ್ಷ ಮೊನಾಕೊಗೆ ಮಾತ್ರ ಅನ್ವಯಿಸುವ ಹೊಸ ಕಟ್ಟಳೆ ಬಂತು: ಪ್ರತಿ ಚಾಲಕ ಕನಿಷ್ಠ ಮೂರು ಜೊತೆ ಟೈರ್ ಬಳಸಬೇಕು, ಅಂದರೆ ಎರಡು ಸಲ ಪಿಟ್‌ಗೆ ಬರಲೇಬೇಕು. ಪಿಟ್ ಸ್ಟಾಪ್ ಹೆಚ್ಚಿದರೆ ಏರುಪೇರು ಹೆಚ್ಚುತ್ತದೆ, ಏರುಪೇರು ಹೆಚ್ಚಿದರೆ ರೋಚಕತೆ ಹೆಚ್ಚುತ್ತದೆ ಎಂಬುದು ತರ್ಕ. ತಂಡಗಳು ಓದಿಕೊಂಡದ್ದೇ ಬೇರೆ. ಹಿಂದಿಕ್ಕಲಾಗದ ರಸ್ತೆಯಲ್ಲಿ ಒಂದು ಕಾರನ್ನು ಗೋಡೆಯಂತೆ ನಿಲ್ಲಿಸಿದರೆ ಜೊತೆಯ ಇನ್ನೊಂದು ಕಾರಿಗೆ ನಿರಾಳವಾಗಿ ಟೈರ್ ಬದಲಿಸುವಷ್ಟು ಅಂತರ ಸಿಗುತ್ತದೆ. ರೇಸಿಂಗ್ ಬುಲ್ಸ್‌ನ ಲಿಯಾಮ್ ಲಾಸನ್ ಗೋಡೆಯಾದರು, ಅವರ ಜೊತೆಗಾರ ಇಸಾಕ್ ಹಜಾರ್ ಆರನೆಯವರಾದರು. ಅದನ್ನು ನೋಡಿ ವಿಲಿಯಮ್ಸ್ ತಂಡದ ಇಬ್ಬರೂ ಸರದಿಯ ಮೇಲೆ ಗೋಡೆಯಾದರು. ಅತ್ತ ಮ್ಯಾಕ್ಸ್ ವರ್ಸ್ಟಪನ್ ಕೆಂಪು ಬಾವುಟವೊಂದು ಬಿದ್ದರೆ ಪುಕ್ಕಟೆಯಾಗಿ ಟೈರ್ ಸಿಕ್ಕೀತೆಂದು, ಓಟ ಮುಗಿಯುವ ಹೊತ್ತಿನವರೆಗೂ ಎರಡನೇ ಸ್ಟಾಪ್ ಮುಂದೂಡುತ್ತ ಹೋದರು. ಬಾವುಟ ಬೀಳಲಿಲ್ಲ. ಮೊದಲ ಸ್ಥಾನದಲ್ಲಿ ಹೊರಟ ಲ್ಯಾಂಡೊ ನಾರಿಸ್ ಗೆದ್ದರು, ಎರಡನೆಯವರಾಗಿ ಹೊರಟ ಶಾರ್ಲ್ ಲೆಕ್ಲೇರ್ ಎರಡನೆಯವರಾಗಿಯೇ ಉಳಿದರು.

ಚಾಪೆ ಕೆಳಗೆ ತೂರುವವನಿದ್ದರೆ ರಂಗೋಲಿ ಕೆಳಗೆ ತೂರುವವನೂ ಇರುತ್ತಾನೆ ಎಂಬ ಗಾದೆಗೆ ಇದಕ್ಕಿಂತ ದುಬಾರಿ ಉದಾಹರಣೆ ಸಿಗಲಾರದು. ನಿಯಮ ಬರೆಯುವವರು ಬೆರಳೆಣಿಕೆಯ ಮಂದಿ. ಅದರಲ್ಲಿ ಸಂದು ಹುಡುಕಲು ಪ್ರತಿ ತಂಡದಲ್ಲೂ ನೂರಾರು ಎಂಜಿನಿಯರ್‌ಗಳು ಸಂಬಳ ಪಡೆಯುತ್ತಾರೆ. ಹಾಗಾಗಿ ಭಾನುವಾರದ ಮಧ್ಯಾಹ್ನ ಇಂಥದ್ದೇ ನಡೆಯಬೇಕು ಎಂದು ಕಟ್ಟಪ್ಪಣೆ ಮಾಡುವ ನಿಯಮ ಗೆಲ್ಲುವುದು ಅಪರೂಪ. ರೇಸ್ ರೋಚಕವಾಗಬೇಕಾದರೆ ಅದು ನೀರಸವಾಗಲು ಇರುವ ಕಾರಣಗಳನ್ನು ಸರಿಪಡಿಸಬೇಕು. ಆ ಕಾರಣಗಳು ಮುಖ್ಯವಾಗಿ ಎರಡು: ಮುಂದಿನ ಕಾರು ಕದಡಿ ಬಿಡುವ ಗಾಳಿ ಮತ್ತು ತಂಡಗಳ ತಿಜೋರಿಗಳ ನಡುವಿನ ಕಂದಕ. ಎರಡನ್ನೂ ಮುಟ್ಟುವ ನಿಯಮ ತಂದು, ಅದನ್ನು ಕೆಲವು ವರ್ಷ ಕದಲಿಸದೆ ಬಿಟ್ಟರೆ ರೋಚಕತೆ ತಾನಾಗಿಯೇ ಬರುತ್ತದೆ ಎನ್ನಲು ಕಳೆದ ಎರಡು ದಶಕಗಳಲ್ಲಿ ಸಾಕಷ್ಟು ಪುರಾವೆ ಸಿಗುತ್ತದೆ.

ಗಡಿಯಾರ ಓಡಿತು, ಕಾರು ಓಡಲಿಲ್ಲ

ಮೊದಲು ಸೋತ ನಿಯಮಗಳ ಕಡೆ ನೋಡೋಣ. 2016ರಲ್ಲಿ ಅರ್ಹತಾ ಸುತ್ತಿಗೆ ಬಿಸಿ ಏರಿಸಲು, 90 ಸೆಕೆಂಡಿಗೊಮ್ಮೆ ಅತಿ ನಿಧಾನದ ಚಾಲಕನನ್ನು ಹೊರಗೆ ಕಳಿಸುವ ಪದ್ಧತಿ ಬಂತು. ಕಾಗದದ ಮೇಲೆ ಅದು ಸಂಗೀತ ಕುರ್ಚಿ ಆಟದಷ್ಟೇ ಮಜವಾಗಿತ್ತು. ಆದರೆ ಮೃದುವಾದ ಹೊಸ ಟೈರು ತನ್ನ ಕಸುವನ್ನೆಲ್ಲ ಮೊದಲ ಒಂದೆರಡು ಲ್ಯಾಪಿನಲ್ಲೇ ಕೊಟ್ಟುಬಿಡುತ್ತದೆ. ಅದನ್ನು ಬದಲಿಸಿ ಮತ್ತೊಂದು ಲ್ಯಾಪ್ ಹಾಕುವಷ್ಟು ಸಮಯವನ್ನು ಗಡಿಯಾರ ಕೊಡುತ್ತಿರಲಿಲ್ಲ. ಹಾಗಾಗಿ ಎಲ್ಲರೂ ಆರಂಭದಲ್ಲೇ ತಮ್ಮ ಶಕ್ತಿಯನ್ನೆಲ್ಲ ಖರ್ಚು ಮಾಡಿ ಗ್ಯಾರೇಜಿಗೆ ಮರಳಿದರು. ಮೆಲ್ಬರ್ನ್‌ನಲ್ಲಿ ನಿರ್ಣಾಯಕ ಹಂತದ ಕೊನೆಯ ನಿಮಿಷಗಳಲ್ಲಿ ಟ್ರ್ಯಾಕಿನ ಮೇಲೆ ಒಂದೂ ಕಾರಿರಲಿಲ್ಲ, ಗಡಿಯಾರವೊಂದೇ ಓಡುತ್ತಿತ್ತು. ಎರಡು ರೇಸ್‌ಗಳಿಗೇ ಆ ಪದ್ಧತಿಗೆ ಎಳ್ಳುನೀರು ಬಿಡಲಾಯಿತು. ಅದಕ್ಕೂ ಮುಂಚೆ, 2014ರಲ್ಲಿ, ಪ್ರಶಸ್ತಿಯ ಹೋರಾಟ ಕೊನೆಯವರೆಗೆ ಎಳೆಯಲಿ ಎಂದು ಅಬುಧಾಬಿಯ ಅಂತಿಮ ರೇಸಿಗೆ ದುಪ್ಪಟ್ಟು ಅಂಕ ಇಟ್ಟಿದ್ದರು. ವರ್ಷವಿಡೀ ದುಡಿದವನ ಗಳಿಕೆಯನ್ನು ಒಂದು ಮಧ್ಯಾಹ್ನದ ಅದೃಷ್ಟ ನುಂಗುವುದು ಎಷ್ಟು ಸರಿ ಎಂದು ಅಭಿಮಾನಿಗಳೇ ಕೇಳಿದರು. ಅದೂ ಒಂದೇ ವರ್ಷಕ್ಕೆ ಮುಗಿಯಿತು. ಕ್ರಿಕೆಟ್ ನೋಡುವವರಿಗೆ, ಪಂದ್ಯದ ನಡುವೆ ಆಟಗಾರನನ್ನು ಬದಲಿಸಲು ಬಿಟ್ಟ 2005ರ ಸೂಪರ್ ಸಬ್ ನೆನಪಿರಬಹುದು. ಟಾಸ್ ಗೆದ್ದವನಿಗೆ ಮತ್ತಷ್ಟು ಲಾಭ ಮಾಡಿಕೊಟ್ಟ ಆ ಪ್ರಯೋಗವೂ ವರ್ಷ ತುಂಬುವ ಮೊದಲೇ ಮೂಲೆ ಸೇರಿತು.

2005ರ ಟೈರ್ ನಿಯಮದ ಕಥೆ ಇವುಗಳಿಗಿಂತ ತೊಡಕಿನದು, ಏಕೆಂದರೆ ಮೇಲ್ನೋಟಕ್ಕೆ ಅದು ಕೆಲಸ ಮಾಡಿತ್ತು. ಮೈಕೆಲ್ ಶುಮಾಕರ್ 2002ರಲ್ಲಿ ಜುಲೈ ತಿಂಗಳಲ್ಲೇ ಪ್ರಶಸ್ತಿ ಖಚಿತಪಡಿಸಿಕೊಂಡಿದ್ದರು, 2004ರಲ್ಲಿ 18 ರೇಸ್‌ಗಳಲ್ಲಿ 13 ಗೆದ್ದಿದ್ದರು. 2005ರಲ್ಲಿ ರೇಸಿನ ನಡುವೆ ಟೈರ್ ಬದಲಿಸುವುದನ್ನು ನಿಷೇಧಿಸಿದಾಗ, ಬ್ರಿಡ್ಜ್‌ಸ್ಟೋನ್ ಟೈರ್ ನೆಚ್ಚಿಕೊಂಡಿದ್ದ ಫೆರಾರಿ ನೆಲಕಚ್ಚಿತು. ಮಿಶೆಲಿನ್ ಟೈರ್ ತೊಟ್ಟ ರೆನೊ ಕಾರಿನಲ್ಲಿ ಫರ್ನಾಂಡೊ ಅಲೊನ್ಸೊ ಚಾಂಪಿಯನ್ ಆದರು. ನಿಯಮ ಗೆದ್ದಿತಲ್ಲ ಎನ್ನುವವರು ಅದೇ ವರ್ಷದ ಇಂಡಿಯಾನಾಪೊಲಿಸ್ ನೆನಪಿಸಿಕೊಳ್ಳಬೇಕು. ಅಲ್ಲಿನ ಓರೆ ತಿರುವಿನ ಒತ್ತಡವನ್ನು ತನ್ನ ಟೈರ್‌ಗಳು ಪೂರ್ತಿ ರೇಸ್ ತಾಳಲಾರವು ಎಂದು ಮಿಶೆಲಿನ್ ಎಚ್ಚರಿಸಿತು. ಆ ತಿರುವಿನ ವೇಗ ತಗ್ಗಿಸಲು ಶಿಕೇನ್ ಹಾಕುವ ಸಲಹೆಯನ್ನು ಎಫ್‌ಐಎ ಒಪ್ಪಲಿಲ್ಲ. ಪೂರ್ವಭಾವಿ ಸುತ್ತು ಮುಗಿಸಿದ 14 ಕಾರುಗಳು ಗ್ರಿಡ್‌ಗೆ ಹೋಗದೆ ಗ್ಯಾರೇಜಿಗೆ ತಿರುಗಿದವು. ಉಳಿದ ಆರೇ ಕಾರುಗಳ ರೇಸ್ ನಡೆಯಿತು. ಆ ವರ್ಷ ಫೆರಾರಿ ಗೆದ್ದದ್ದು ಅದೊಂದೇ ರೇಸ್. ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್ ಜೋರ್ಡನ್ ಕಾರಿನಲ್ಲಿ ನಾಲ್ಕನೆಯವರಾಗಿ ಬಂದು ಪಡೆದ ಐದು ಅಂಕಗಳೇ ಭಾರತೀಯ ಚಾಲಕನೊಬ್ಬ ಫಾರ್ಮುಲಾ ಒನ್‌ನಲ್ಲಿ ಗಳಿಸಿದ ಒಟ್ಟು ಅಂಕ. ಕಾರ್ತಿಕೇಯನ್ ತಮ್ಮ ಪಾಲಿನ ಕೆಲಸ ಸರಿಯಾಗಿಯೇ ಮಾಡಿದರು. ಪ್ರೇಕ್ಷಕರ ಪಾಲಿಗೆ ಅದು ರೇಸೇ ಆಗಿರಲಿಲ್ಲ. ಮರುವರ್ಷ ಟೈರ್ ಬದಲಾವಣೆ ವಾಪಸ್ ಬಂತು.

ಬಾಕ್ಸ್: ಅಂಕದಾಟ
1988ರಲ್ಲಿ ಅಲೇನ್ ಪ್ರಾಸ್ಟ್ ಒಟ್ಟು 105 ಅಂಕ ಗಳಿಸಿದರು, ಐರ್ಟನ್ ಸೆನ್ನಾ 94. ಚಾಂಪಿಯನ್ ಆದದ್ದು ಸೆನ್ನಾ! ಉತ್ತಮ 11 ಫಲಿತಾಂಶಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವ ನಿಯಮವಿದ್ದುದರಿಂದ ಅಂತಿಮ ಲೆಕ್ಕ 90–87 ಆಯಿತು.
2003ರಲ್ಲಿ ಅಂಕಪದ್ಧತಿ ಬದಲಾದ ಮೇಲೆ, ಒಂದೇ ರೇಸ್ ಗೆದ್ದಿದ್ದ ಕಿಮಿ ರೈಕೊನೆನ್, ಆರು ಗೆದ್ದಿದ್ದ ಶುಮಾಕರ್‌ಗೆ ಎರಡೇ ಅಂಕ ಹಿಂದೆ ಉಳಿದರು.
2009ರ ಋತುವಿಗೆ ‘ಹೆಚ್ಚು ರೇಸ್ ಗೆದ್ದವನೇ ಚಾಂಪಿಯನ್’ ಎಂದು ಎಫ್‌ಐಎ ಪ್ರಕಟಿಸಿ, ತಂಡಗಳ ವಿರೋಧದಿಂದ ಮೊದಲ ರೇಸಿಗೂ ಮುನ್ನ ಕೈಬಿಟ್ಟಿತು. ಅದೇ ಅಳತೆ 2008ಕ್ಕೆ ಇದ್ದಿದ್ದರೆ ಐದು ಗೆದ್ದ ಲೂಯಿಸ್ ಹ್ಯಾಮಿಲ್ಟನ್ ಬದಲು ಆರು ಗೆದ್ದ ಫೆಲಿಪೆ ಮಾಸ ಚಾಂಪಿಯನ್.

ಗಾಳಿಯೇ ಗೋಡೆ

ಹಿಂದಿನ ಕಾರು ಮುಂದಿನ ಕಾರನ್ನು ದಾಟಲಾರದ್ದಕ್ಕೆ ಚಾಲಕನ ಪುಕ್ಕಲುತನ ಕಾರಣವಲ್ಲ. ಫಾರ್ಮುಲಾ ಒನ್ ಕಾರು ತಿರುವಿನಲ್ಲಿ ನೆಲ ಬಿಡದೆ ಹಿಡಿದುಕೊಳ್ಳುವುದು ಗಾಳಿಯ ಬಲದಿಂದ. ಮುಂದಿನ ಮತ್ತು ಹಿಂದಿನ ರೆಕ್ಕೆಗಳು, ಕಾರಿನ ತಳಭಾಗ ಎಲ್ಲವೂ ಹರಿದುಬರುವ ಗಾಳಿಯನ್ನು ಪಳಗಿಸಿ ಕಾರನ್ನು ಕೆಳಕ್ಕೆ ಒತ್ತಿಸುತ್ತವೆ. ಇದೇ ಡೌನ್‌ಫೋರ್ಸ್. ಹೀಗೆ ಬಳಸಿ ಬಿಟ್ಟ ಗಾಳಿ ಸುಳಿಸುಳಿಯಾಗಿ, ಕದಡಿಹೋಗಿ ಹಿಂದಿನವನ ಮುಖಕ್ಕೆ ಬಡಿಯುತ್ತದೆ. ಅವನ ಮುಂದಿನ ರೆಕ್ಕೆಗೆ ಕಸುವಿಲ್ಲದಂತಾಗಿ ಮೂತಿ ತಿರುವಿನ ಒಳಕ್ಕೆ ಬಾರದೆ ಹೊರಕ್ಕೆ ಜಾರುತ್ತದೆ. ಜಾರಿದ ಟೈರ್ ಕಾಯುತ್ತದೆ, ಕಾದ ಟೈರ್ ಹಿಡಿತ ಕಳೆದುಕೊಳ್ಳುತ್ತದೆ. ಎರಡು ಮೂರು ಲ್ಯಾಪ್ ಬೆನ್ನಟ್ಟಿದ ಮೇಲೆ ಚಾಲಕ ಟೈರ್ ತಣ್ಣಗಾಗಲೆಂದು ತಾನೇ ಹಿಂದೆ ಸರಿಯುತ್ತಾನೆ. ಟೀವಿಯಲ್ಲಿ ನಮಗೆ ಕಾಣುವುದು ಎರಡು ಸೆಕೆಂಡ್ ಅಂತರದ, ಮುಗಿಯದ ಸಾಲು. ಕಾರುಗಳಿಗೆ ರೆಕ್ಕೆಯ ಹುಚ್ಚು ಇಷ್ಟು ಹತ್ತದಿದ್ದ 1971ರಲ್ಲಿ ಮೋಂಜಾದ ಉದ್ದನೆಯ ನೇರ ರಸ್ತೆಗಳಲ್ಲಿ ಮುಂದಿನ ಕಾರಿನ ಗಾಳಿಯ ಮರೆಯೇ ಹಿಂದಿನವನಿಗೆ ವರವಾಗಿತ್ತು. ಪೀಟರ್ ಗೆಥಿನ್ ಗೆದ್ದದ್ದು ಒಂದು ಸೆಕೆಂಡಿನ ನೂರನೇ ಒಂದು ಭಾಗದ ಅಂತರದಿಂದ, ಮೊದಲ ಐವರು 0.61 ಸೆಕೆಂಡಿನೊಳಗೆ ಗೆರೆ ದಾಟಿದ್ದರು.

2011ರಲ್ಲಿ ಬಂದ ಡಿಆರ್‌ಎಸ್ ಈ ಕಾಯಿಲೆಗೆ ಕೊಟ್ಟ ನೋವುಮಾತ್ರೆ. ಒಂದು ಸೆಕೆಂಡಿನೊಳಗೆ ಬೆನ್ನಟ್ಟಿದವನು ಗೊತ್ತುಪಡಿಸಿದ ಜಾಗದಲ್ಲಿ ಹಿಂದಿನ ರೆಕ್ಕೆಯ ಪಟ್ಟಿ ತೆರೆದು ವೇಗ ಹೆಚ್ಚಿಸಿಕೊಳ್ಳಬಹುದಿತ್ತು. ಮುಂದಿರುವವನಿಗೆ ಆ ಹಕ್ಕಿರಲಿಲ್ಲ. ಓವರ್‌ಟೇಕ್‌ಗಳ ಸಂಖ್ಯೆ ಏರಿದ್ದು ನಿಜ. ಆದರೆ ಅವುಗಳಲ್ಲಿ ಅನೇಕವು ಹೆದ್ದಾರಿಯಲ್ಲಿ ಲಾರಿ ದಾಟುವಷ್ಟು ಸಲೀಸಾದವು. 2005ರ ಇಮೋಲಾದಲ್ಲಿ 13ನೇ ಸ್ಥಾನದಿಂದ ಹೊರಟು ಬಂದ ಶುಮಾಕರ್ ಕೊನೆಯ ಲ್ಯಾಪ್‌ಗಳಲ್ಲಿ ಅಲೊನ್ಸೊ ಕಾರಿಗೆ ಮೂತಿ ತಾಗಿಸುವಷ್ಟು ಹತ್ತಿರ ಹೋದರು. ಪ್ರತಿ ತಿರುವಿನಲ್ಲೂ ಒಳದಾರಿ ಮುಚ್ಚುತ್ತ, ಹೊರಬರುವಾಗ ಅಳೆದು ತೂಗಿ ವೇಗ ಕೊಡುತ್ತ ಅಲೊನ್ಸೊ 0.215 ಸೆಕೆಂಡಿನಿಂದ ಗೆದ್ದರು. ಆ ಹೋರಾಟದಲ್ಲಿ ಓವರ್‌ಟೇಕ್ ಆಗಲೇ ಇಲ್ಲ, ಆದರೂ ಅಭಿಮಾನಿಗಳು ಇಂದಿಗೂ ಅದನ್ನು ಮರೆತಿಲ್ಲ. ಡಿಆರ್‌ಎಸ್ ಇದ್ದಿದ್ದರೆ ಶುಮಾಕರ್ ಬಹುಶಃ ನೇರ ರಸ್ತೆಯಲ್ಲಿ ದಾಟಿ ಹೋಗುತ್ತಿದ್ದರು, ನಮಗೆ ನೆನಪಿಡಲು ಏನೂ ಉಳಿಯುತ್ತಿರಲಿಲ್ಲ. ರೋಚಕತೆಯನ್ನು ಓವರ್‌ಟೇಕ್‌ಗಳ ಲೆಕ್ಕದಿಂದ ಅಳೆಯುವವರು ಇಮೋಲಾಕ್ಕೆ ಸೊನ್ನೆ ಕೊಡಬೇಕಾಗುತ್ತದೆ!

ಬಾಕ್ಸ್: ಕದಡಿದ ಗಾಳಿಯ ಲೆಕ್ಕ
ಫಾರ್ಮುಲಾ ಒನ್ ಸಂಸ್ಥೆಯೇ ಕೊಟ್ಟ ಅಂದಾಜಿನಂತೆ, ಹಳೆಯ ಮಾದರಿಯ ಕಾರು ಮುಂದಿನ ಕಾರಿಗಿಂತ 20 ಮೀಟರ್ ಹಿಂದಿದ್ದಾಗ ಶೇ 35ರಷ್ಟು, 10 ಮೀಟರ್ ಹಿಂದಿದ್ದಾಗ ಶೇ 46ರಷ್ಟು ಡೌನ್‌ಫೋರ್ಸ್ ಕಳೆದುಕೊಳ್ಳುತ್ತಿತ್ತು. 2022ರ ವಿನ್ಯಾಸದಲ್ಲಿ ಈ ನಷ್ಟ ಕ್ರಮವಾಗಿ ಶೇ 4 ಮತ್ತು ಶೇ 18ಕ್ಕೆ ಇಳಿಯಬೇಕಿತ್ತು.

ಕಾಯಿಲೆಯ ಬುಡಕ್ಕೇ ಕೈಹಾಕಿದ್ದು 2022ರ ನಿಯಮ. ಕಾರಿನ ಅಡಿಯಲ್ಲಿ ಸುರಂಗದಂಥ ಕಾಲುವೆಗಳನ್ನು ಕೊಟ್ಟು, ಡೌನ್‌ಫೋರ್ಸ್‌ನ ದೊಡ್ಡ ಪಾಲನ್ನು ತಳಭಾಗದಿಂದಲೇ ಪಡೆಯುವಂತೆ ಮಾಡಿ, ಹಿಂದೆ ಬಿಡುವ ಗಾಳಿ ಮೇಲಕ್ಕೆ ಚಿಮ್ಮಿ ಹಿಂದಿನವನ ತಲೆಯ ಮೇಲೆ ಹಾದುಹೋಗುವಂತೆ ವಿನ್ಯಾಸ ಬದಲಿಸಿದರು. ತಂಡಗಳು ಕಳೆದುಕೊಂಡ ವೇಗವನ್ನು ಹೊಸ ಹೊಸ ಅಂಚುಗಳಿಂದ ಮರಳಿ ಗಳಿಸುತ್ತ ಬಂದಂತೆ ಗಾಳಿ ಮತ್ತೆ ಕೊಳೆಯಾಯಿತು ಎಂಬ ದೂರು ಚಾಲಕರಿಂದಲೇ ಬಂತು. ಅದು ನ್ಯಾಯವಾದ ದೂರು. ಆದರೂ ಇಲ್ಲಿ ರಂಗೋಲಿ ಕೆಳಗೆ ತೂರಲು ಮೂರ್ನಾಲ್ಕು ವರ್ಷ ಬೇಕಾಯಿತು. ಮೊನಾಕೊ ನಿಯಮಕ್ಕೆ ಒಂದು ಮಧ್ಯಾಹ್ನ ಸಾಕಾಗಿತ್ತು.

ತಿಜೋರಿಗೆ ಬೀಗ

ಗಾಳಿ ಎಷ್ಟೇ ತಿಳಿಯಾದರೂ ಒಬ್ಬನ ಕಾರು ಲ್ಯಾಪಿಗೆ ಒಂದು ಸೆಕೆಂಡ್ ವೇಗವಾಗಿದ್ದರೆ ಬೆನ್ನಟ್ಟುವ ಮಾತೇ ಹುಟ್ಟುವುದಿಲ್ಲ. ಆ ಒಂದು ಸೆಕೆಂಡನ್ನು ದುಡ್ಡು ಕೊಟ್ಟು ಕೊಳ್ಳಬಹುದಾಗಿದ್ದ ಕಾಲ ಹೇಗಿತ್ತು ಎಂಬುದಕ್ಕೆ ವಿಜಯ್ ಮಲ್ಯ ಕಟ್ಟಿದ ಫೋರ್ಸ್ ಇಂಡಿಯಾ ತಂಡದ ಗತಿಯೇ ಸಾಕ್ಷಿ. 2016 ಮತ್ತು 2017ರಲ್ಲಿ ಆ ತಂಡ ತಯಾರಕರ ಪಟ್ಟಿಯಲ್ಲಿ ನಾಲ್ಕನೇ ಸ್ಥಾನ ಪಡೆಯಿತು. ಕೈಲಿದ್ದ ಕಾಸಿಗೆ ಹೋಲಿಸಿದರೆ ಅದು ದೊಡ್ಡ ಸಾಧನೆ. ಆದರೆ 2017ರಲ್ಲಿ ಮೂರನೆಯ ರೆಡ್ ಬುಲ್ 368 ಅಂಕದಲ್ಲಿದ್ದಾಗ ನಾಲ್ಕನೆಯ ಫೋರ್ಸ್ ಇಂಡಿಯಾ 187ರಲ್ಲಿತ್ತು. ಮರುವರ್ಷ ತಂಡ ದಿವಾಳಿಯ ಅಂಚಿಗೆ ಬಂದು ಕೈಬದಲಾಯಿತು. 2013ರ ಆಸ್ಟ್ರೇಲಿಯಾ ರೇಸಿನಲ್ಲಿ ಲೋಟಸ್ ಗೆದ್ದ ಮೇಲೆ 2020ರ ಮೋಂಜಾದಲ್ಲಿ ಆಲ್ಫಾಟೌರಿ ಗೆಲ್ಲುವವರೆಗೆ, ಏಳು ವರ್ಷ, ಮರ್ಸಿಡೀಸ್, ಫೆರಾರಿ, ರೆಡ್ ಬುಲ್ ಬಿಟ್ಟು ನಾಲ್ಕನೆಯವರು ಒಂದೂ ರೇಸ್ ಗೆಲ್ಲಲಿಲ್ಲ.

2021ರಲ್ಲಿ ಖರ್ಚಿಗೆ ಮಿತಿ ಬಂತು: ವರ್ಷಕ್ಕೆ 14.5 ಕೋಟಿ ಡಾಲರ್, ಚಾಲಕರ ಸಂಬಳ, ಎಂಜಿನ್‌ನಂಥ ಕೆಲವು ಬಾಬ್ತು ಬಿಟ್ಟು. ಮುಂದಿನ ವರ್ಷಗಳಲ್ಲಿ ಅದನ್ನು ಇನ್ನಷ್ಟು ಬಿಗಿಮಾಡಿದರು. ಜೊತೆಗೆ ವಿಂಡ್ ಟನಲ್ ಪರೀಕ್ಷೆಗೆ ಏಣಿಶ್ರೇಣಿ ಬಂತು. 2022ರಿಂದ ಚಾಂಪಿಯನ್ ತಂಡಕ್ಕೆ ನಿಗದಿತ ಅವಧಿಯ ಶೇ 70 ಮಾತ್ರ, ಹತ್ತನೆಯ ತಂಡಕ್ಕೆ ಶೇ 115. ಗೆದ್ದವನಿಗೆ ದಂಡ ಹಾಕಿದಂತಲ್ಲವೇ ಎಂಬ ಆಕ್ಷೇಪ ಸಹಜ. ಪ್ರತಿಭೆಗೆ ಭಾರ ಕಟ್ಟುವುದು ಯಾವ ಆಟಕ್ಕೂ ಶೋಭೆಯಲ್ಲ. ಇಲ್ಲಿ ಭಾರ ಬೀಳುವುದು ರೇಸಿನ ದಿನದ ಕಾರಿನ ಮೇಲೆ ಅಲ್ಲ, ಮುಂದಿನ ಕಾರನ್ನು ರೂಪಿಸುವ ಪ್ರಯೋಗಶಾಲೆಯ ಗಂಟೆಗಳ ಮೇಲೆ. ಭಾನುವಾರ ಯಾರು ವೇಗಿಯೋ ಅವರೇ ಗೆಲ್ಲುತ್ತಾರೆ. ಮಿತಿ ಮೀರಿದರೆ ಶಿಕ್ಷೆಯೂ ಉಂಟು: 2021ರ ಖರ್ಚು ಮೀರಿದ್ದಕ್ಕೆ ರೆಡ್ ಬುಲ್ ತಂಡಕ್ಕೆ 70 ಲಕ್ಷ ಡಾಲರ್ ದಂಡದ ಜೊತೆ ಪರೀಕ್ಷೆಯ ಅವಧಿಯಲ್ಲೂ ಕಡಿತವಾಯಿತು. ಆ ದಂಡ ಸಾಲದು ಎಂದವರ ಮಾತಿನಲ್ಲೂ ಹುರುಳಿದೆ.

ಫಲ ತಕ್ಷಣ ಸಿಗಲಿಲ್ಲ, ಸಿಗುವ ಹಾಗೂ ಇರಲಿಲ್ಲ. 2023ರಲ್ಲಿ ರೆಡ್ ಬುಲ್ 22ರಲ್ಲಿ 21 ರೇಸ್ ಗೆದ್ದಿತು, ಅದರಲ್ಲಿ 19 ವರ್ಸ್ಟಪನ್ ಒಬ್ಬರದೇ. ಹೊಸ ನಿಯಮ ವಿಫಲ, ಮತ್ತೆ ಬದಲಿಸಿ ಎಂಬ ಒತ್ತಾಯ ಎದ್ದೇ ಎದ್ದಿತು. ಅದೃಷ್ಟಕ್ಕೆ ದೊಡ್ಡ ಬದಲಾವಣೆ ಯಾವುದೂ ಬರಲಿಲ್ಲ. ಮರುವರ್ಷ, ಹೆಚ್ಚುಕಡಿಮೆ ಅದೇ ನಿಯಮಗಳಡಿ, ಏಳು ಚಾಲಕರು ತಲಾ ಎರಡಾದರೂ ರೇಸ್ ಗೆದ್ದರು. ಒಂದೇ ಋತುವಿನಲ್ಲಿ ಹಾಗೆ ಹಿಂದೆಂದೂ ಆಗಿರಲಿಲ್ಲ. 2023ರ ಮೊದಲ ಎರಡು ರೇಸ್‌ಗಳಲ್ಲಿ ಒಂದೂ ಅಂಕ ಕಾಣದ ಮೆಕ್ಲಾರೆನ್, 2024ರ ಕೊನೆಗೆ 1998ರ ನಂತರ ಮೊದಲ ಬಾರಿ ತಯಾರಕರ ಪ್ರಶಸ್ತಿ ಎತ್ತಿತು. ಅದೇ ನಿಯಮಗಳ ಕೊನೆಯ ವರ್ಷವಾದ 2025ರಲ್ಲಿ ಚಾಲಕರ ಪ್ರಶಸ್ತಿ ಅಂತಿಮ ರೇಸಿನವರೆಗೂ ತೂಗಾಡಿ, ನಾರಿಸ್ ಎರಡೇ ಅಂಕಗಳಿಂದ ವರ್ಸ್ಟಪನ್ ಅವರನ್ನು ಹಿಂದಿಕ್ಕಿದರು. ನಿಯಮ ನಿಂತಲ್ಲೇ ನಿಂತರೆ ಮುಂದಿರುವವನಿಗೆ ಹುಡುಕಲು ಕಡಿಮೆ ಉಳಿಯುತ್ತದೆ, ಹಿಂದಿರುವವನಿಗೆ ನೋಡಿ ಕಲಿಯಲು ಹೆಚ್ಚು ಸಿಗುತ್ತದೆ. ಪಾತ್ರೆ ಅಲುಗಿಸಿದಾಗಲೆಲ್ಲ ಒಬ್ಬನಿಗೆ ಲಾಟರಿ ಹೊಡೆಯುತ್ತದೆ. 2009ರಲ್ಲಿ, ಕಾರಿನ ತಳದ ಗಾಳಿಯನ್ನು ಹಿಂದಕ್ಕೆ ಹೊರಹಾಕುವ ಜೋಡಿ ಡಿಫ್ಯೂಸರ್ ಕಂಡುಕೊಂಡ ಬ್ರಾನ್ ತಂಡದ ಜೆನ್ಸನ್ ಬಟನ್ ಮೊದಲ ಏಳರಲ್ಲಿ ಆರು ರೇಸ್ ಗೆದ್ದರು. 2014ರ ಹೈಬ್ರಿಡ್ ಎಂಜಿನ್ ಬಂದಾಗ ಮರ್ಸಿಡೀಸ್ 19ರಲ್ಲಿ 16 ಗೆದ್ದಿತು.

ಮರ್ಸಿಡೀಸ್ ಹೆಸರು ಬಂದ ಕೂಡಲೇ ಎದುರುವಾದ ಸಿದ್ಧವಾಗಿರುತ್ತದೆ: 2014ರಿಂದ ಎಂಜಿನ್ ನಿಯಮ ಬದಲಾಗಲಿಲ್ಲ, ಆದರೂ ಆ ತಂಡ ಸತತ ಎಂಟು ತಯಾರಕರ ಪ್ರಶಸ್ತಿ ಹೊಡೆಯಿತಲ್ಲ, ಸ್ಥಿರತೆ ಎಲ್ಲಿ ಕೆಲಸ ಮಾಡಿತು? ವಾದ ಗಟ್ಟಿಯಾಗಿದೆ. ಆದರೆ ಆ ಎಂಟರಲ್ಲಿ ಏಳು ವರ್ಷ ಖರ್ಚಿಗೆ ಮಿತಿಯೇ ಇರಲಿಲ್ಲ. ಮೊದಲ ವರ್ಷಗಳಲ್ಲಿ ಎಂಜಿನ್ ಅಭಿವೃದ್ಧಿಗೆ ಟೋಕನ್ ಪದ್ಧತಿ ಇಟ್ಟು, ಹಿಂದೆ ಬಿದ್ದವರ ಕೈಯನ್ನೂ ಕಟ್ಟಿಹಾಕಿದ್ದರು. ಹಿಂದಿನವನಿಗೆ ಬೆನ್ನಟ್ಟಲು ಬಿಡದ ಸ್ಥಿರತೆ ಜಡತೆಯಾಗುತ್ತದೆ. ಖರ್ಚಿನ ಮಿತಿ ಬಂದ ಮೊದಲ ವರ್ಷ, 2021ರಲ್ಲಿ, ಹ್ಯಾಮಿಲ್ಟನ್ ಮತ್ತು ವರ್ಸ್ಟಪನ್ ತಲಾ 369.5 ಅಂಕಗಳೊಂದಿಗೆ ಕೊನೆಯ ರೇಸಿಗೆ ಬಂದದ್ದು ಮಿತಿಯೊಂದರ ಫಲವೇನೂ ಅಲ್ಲ. ಎಂಟನೇ ವರ್ಷಕ್ಕೆ ಎಂಜಿನ್‌ಗಳ ಅಂತರ ಕರಗಿತ್ತು ಎಂಬುದನ್ನು ಮಾತ್ರ ಅದು ತೋರಿಸುತ್ತದೆ.

ಇಷ್ಟೆಲ್ಲ ಕಾಯುವ ಬದಲು ಗ್ರಿಡ್ಡನ್ನೇ ತಿರುವುಮುರುವು ಮಾಡಿದರಾಯಿತು ಎನ್ನುವ ದೊಡ್ಡ ಬಣವೂ ಇದೆ. ಫಾರ್ಮುಲಾ ಒನ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಎಫ್2 ಸರಣಿಯ ಸ್ಪ್ರಿಂಟ್ ರೇಸ್‌ಗಳಲ್ಲಿ ಅರ್ಹತಾ ಸುತ್ತಿನ ಮೊದಲ ಹತ್ತು ಮಂದಿಯನ್ನು ತಲೆಕೆಳಗಾಗಿ ನಿಲ್ಲಿಸುವ ಪದ್ಧತಿ ಇದೆ. 2025ರ ಮೇ 24ರಂದು ಮೊನಾಕೊದಲ್ಲಿ ನಮ್ಮ ಬೆಂಗಳೂರಿನ ಕುಶ್ ಮೈನಿ ಹಾಗೆ ಸಿಕ್ಕ ಮೊದಲ ಸ್ಥಾನದಿಂದ ಹೊರಟು ಗೆದ್ದರು. ಗೋಡೆಗಳ ನಡುವೆ ಒತ್ತಡ ತಾಳಿಕೊಂಡು ತಪ್ಪಿಲ್ಲದೆ ಓಡಿಸಿದ ಅವರ ಗೆಲುವು ಹೆಮ್ಮೆಯದೇ. ಆದರೆ ವಾದಕ್ಕೆ ಅದು ಕೊಡುವ ಪುರಾವೆ ಉಲ್ಟಾ. ಎಫ್2ನಲ್ಲಿ ಎಲ್ಲರದೂ ಒಂದೇ ಮಾದರಿಯ ಕಾರು, ಗ್ರಿಡ್ ಕೂಡ ತಲೆಕೆಳಗು. ಆದರೂ ಮುಂದೆ ಹೊರಟವನೇ ಮುಂದೆ ಬಂದ. ದಾಟಲಾಗದ ರಸ್ತೆಯಲ್ಲಿ ಗ್ರಿಡ್ ತಿರುಗಿಸಿದರೆ ಸಾಲಿನ ಹೆಸರುಗಳು ಬದಲಾಗುತ್ತವೆ, ಸಾಲು ಹಾಗೇ ಇರುತ್ತದೆ. ದಾಟಬಹುದಾದ ರಸ್ತೆಯಲ್ಲಿ ವೇಗದ ಕಾರು ಹೇಗೂ ಹತ್ತು ಲ್ಯಾಪಿನಲ್ಲಿ ಮುಂದೆ ಬಂದುಬಿಡುತ್ತದೆ.

2026ರ ನಿಯಮಗಳನ್ನು ಈ ಕಣ್ಣಿನಿಂದ ನೋಡಿದರೆ ಸಮಾಧಾನವೂ ಇದೆ, ದಿಗಿಲೂ ಇದೆ. 2009ರಲ್ಲಿ ಚಾಲಕನೂ ಸೇರಿ 605 ಕಿಲೋ ಇದ್ದ ಕನಿಷ್ಠ ತೂಕ 2025ಕ್ಕೆ 800 ಕಿಲೋಗೆ ಊದಿಕೊಂಡಿತ್ತು. ಹೊಸ ಕಾರು ಸುಮಾರು 30 ಕಿಲೋ ಹಗುರ, ಅಗಲದಲ್ಲಿ 10 ಸೆಂಟಿಮೀಟರ್, ಚಕ್ರಗಳ ನಡುವಿನ ಉದ್ದದಲ್ಲಿ 20 ಸೆಂಟಿಮೀಟರ್ ಚಿಕ್ಕದು. ಇಕ್ಕಟ್ಟಾದ ರಸ್ತೆಗೆ ಕಡ್ಡಾಯ ಪಿಟ್ ಸ್ಟಾಪ್‌ಗಿಂತ ಈ ಸೆಂಟಿಮೀಟರ್‌ಗಳೇ ಹೆಚ್ಚು ಉಪಕಾರಿ, ಇನ್ನಷ್ಟು ಕತ್ತರಿಸಬಹುದಿತ್ತು. ಡಿಆರ್‌ಎಸ್ ಹೋಗಿದೆ. ಅದರ ಜಾಗಕ್ಕೆ, ಒಂದು ಸೆಕೆಂಡಿನೊಳಗೆ ಬೆನ್ನಟ್ಟಿದವನಿಗೆ ಹೆಚ್ಚುವರಿ ವಿದ್ಯುತ್ ಬಲ ಕೊಡುವ ವ್ಯವಸ್ಥೆ ಬಂದಿದೆ. ಆ ಶಕ್ತಿಯನ್ನು ಎಲ್ಲಿ, ಯಾವಾಗ ಖರ್ಚು ಮಾಡಬೇಕೆಂಬ ಲೆಕ್ಕಾಚಾರ ಚಾಲಕನದೇ ಆದ್ದರಿಂದ ಡಿಆರ್‌ಎಸ್‌ಗಿಂತ ಇದು ವಾಸಿ, ಆದರೂ ಹಳೆ ಮಾತ್ರೆಯ ಹೊಸ ಗುಳಿಗೆಯೇ. ದಿಗಿಲು ಇರುವುದು ಎಂಜಿನ್ ಬಗ್ಗೆ. ವಿದ್ಯುತ್ ಮೋಟಾರಿನ ಬಲ 120 ಕಿಲೋವ್ಯಾಟ್‌ನಿಂದ 350ಕ್ಕೆ ಜಿಗಿದು, ಒಟ್ಟು ಶಕ್ತಿಯಲ್ಲಿ ಸುಮಾರು ಅರ್ಧ ಪಾಲು ವಿದ್ಯುತ್ತಿನದಾಗಿದೆ. ಕಾರು, ಎಂಜಿನ್ ಎರಡನ್ನೂ ಒಟ್ಟಿಗೇ ಬದಲಿಸಿದ್ದರಿಂದ ಪಾತ್ರೆ ಜೋರಾಗಿಯೇ ಅಲುಗಿದೆ. ಈ ಸಲ ಹಿಂದೆ ಬಿದ್ದ ಎಂಜಿನ್ ತಯಾರಕರಿಗೆ ಅಭಿವೃದ್ಧಿಯ ಹೆಚ್ಚುವರಿ ಅವಕಾಶ ಇಟ್ಟಿದ್ದಾರೆ, ತಯಾರಕರ ಖರ್ಚಿಗೂ ಮಿತಿ ಇದೆ. 2014ರಲ್ಲಿ ಇವೆರಡೂ ಇರಲಿಲ್ಲ.

ಹಾಗಾಗಿ ಒಬ್ಬರೇ ಎರಡು ವರ್ಷ ಗೆದ್ದರೂ ಎಫ್‌ಐಎ ಕೈಕಟ್ಟಿ ಕೂರುವ ಧೈರ್ಯ ತೋರಿಸಬೇಕಾಗುತ್ತದೆ. ಆ ಧೈರ್ಯದ ಲಕ್ಷಣ ಸದ್ಯಕ್ಕಂತೂ ಕಾಣುತ್ತಿಲ್ಲ. 2026ರ ಕಾರು ಇನ್ನೂ ಟ್ರ್ಯಾಕಿಗೆ ಇಳಿಯುವ ಮೊದಲೇ, 2025ರಲ್ಲಿ, ಎಫ್‌ಐಎ ಅಧ್ಯಕ್ಷ ಮೊಹಮ್ಮದ್ ಬೆನ್ ಸುಲಾಯೆಮ್ ಹಳೆಯ ವಿ10 ಎಂಜಿನ್ ಮರಳಿ ತರುವ ಮಾತೆತ್ತಿದರು, ಆಮೇಲೆ ವಿ8 ಎಂದರು. ಹೊಸ ಹೈಬ್ರಿಡ್ ಎಂಜಿನನ್ನೇ ನಂಬಿ ಬಂದ ಔಡಿಯಂಥ ಕಂಪನಿಗಳು ಆಗ ತಮ್ಮ ಮೊದಲ ರೇಸನ್ನೂ ಓಡಿರಲಿಲ್ಲ.